2010ರ ಜೆಸಿಬಿ: ಇನ್ನೊಮ್ಮೆ ಇಂಜಿನ್ ಬಿಚ್ಚಸೂದೋ, ಕೊಟ್ಟು ಹೊಸಾದು ತರೂದೋ?

ಎರಿಹೊಲ_ಹಾವೇರಿ:
ಎಲ್ಲಾರಿಗೂ ನಮಸ್ಕಾರ್ರಿ. ನಮ್ಮದೊಂದು 2010ರ ಬ್ಯಾಕ್‌ಹೋ ಐತಿ. ಊರಾಗ ಎಲ್ಲಾರೂ ಜೆಸಿಬಿ ಅಂತಾರ, ನಾನೂ ಹಂಗ ಬರೀತೀನಿ, ಕಂಪನಿ ಯಾವ್ದಂತ ಕೇಳಬ್ಯಾಡ್ರಿ, ಅದರ ಮ್ಯಾಲ ಇಲ್ಲೆ ಜಗಳ ಶುರು ಆಕ್ಕೈತಿ. ನಾ ಎರಡನೇ ಓನರ್. ತಾಸಿನ ಮೀಟರ್ 11,800ಕ್ಕ ನಿಂತೈತಿ, ನಿಂತ ಮ್ಯಾಲೂ ಮೂರ್ನಾಕ ವರ್ಷ ದುಡದೈತಿ, ಅಂದ್ರ ಖರೇ ಲೆಕ್ಕಾ 14-15 ಸಾವಿರ ತಾಸು ಇರಬೇಕು. ಕೆಲಸ ಅಂದ್ರ ಕೃಷಿ ಹೊಂಡ, ಬದು, ಪೈಪ್‌ಲೈನ್, ಮನಿ ಪಾಯ, ಹಾವೇರಿ-ಬ್ಯಾಡಗಿ-ಸವಣೂರ ಸುತ್ತಮುತ್ತ. ವರ್ಷಕ್ಕ 900 ತಾಸಿನ ಮ್ಯಾಲ ಕೆಲಸ ಸಿಗೂದಿಲ್ಲ, ಜನವರಿಯಿಂದ ಮೇ ತನಕ ಜೋರ ಇರ್ತೈತಿ, ಮಳಿ ಹಿಡದ್ರ ಎರಿ ಹೊಲದಾಗ ಗಾಡಿ ಇಳಸಾಕ ಆಗೂದಿಲ್ಲ ನಿಮಗೂ ಗೊತ್ತು.

ಈಗಿನ ತ್ರಾಸು ಏನಂದ್ರ, ಇಂಜಿನ್ ಬ್ಯಾಕ್ ಕಂಪ್ರೆಶನ್ (ಸಿಲಿಂಡರ್‌ದಾಗಿನ ಗಾಳಿ ರಿಂಗ್ ದಾಟಿ ಕೆಳಗ ಸೋರೂದು) ಹೊಡಿಯಾಕತ್ತೈತಿ, ದಿನಾ ಒಂದ್ ಲೀಟರ್ ಹತ್ರ ಆಯಿಲ್ ಕುಡಿತೈತಿ, ನೀಲಿ ಹೊಗಿ. ಮುಂಜಾನೆ ಹೈಡ್ರಾಲಿಕ್ ಚಲೋ ಇರ್ತೈತಿ, ಹನ್ನೆರಡು ಗಂಟೆ ಬಿಸಲಾಗ ಬಕೆಟ್ ಎತ್ತಾಕ ಒದ್ದಾಡ್ತೈತಿ. ಹಿಂದಿನ ಕಿಂಗ್‌ಪೋಸ್ಟ್ (ಅಗಿಯೂ ಕೈ ಎಡಕ್ಕ ಬಲಕ್ಕ ತಿರುಗೂ ಕಂಬ) ಅಲ್ಲಾಡ್ತೈತಿ. ಗೇರ್‌ಬಾಕ್ಸ್ ಬಿಸಿ ಆದ್ರ ಫಾರ್ವರ್ಡ್ ಹಾಕಿದ ಮ್ಯಾಲ ಸ್ವಲ್ಪ ತಡಾ ಮಾಡಿ ಹಿಡಿತೈತಿ. ಮಿಸ್ತ್ರಿ ಬಾಯಿಲೆಕ್ಕ ಹೇಳಿದ್ದು ಇಂಜಿನ್ ಫುಲ್ 2.2 ಲಕ್ಷ, ಪಂಪ್ 1 ಲಕ್ಷ, ಪಿನ್ ಬುಶ್ (ಕೀಲಿನ ಗೂಟ, ಅದರ ಬಳಿ) ಬೋರಿಂಗ್ 70 ಸಾವಿರ, ಗೇರ್‌ಬಾಕ್ಸ್ ಒಂದೂವರೆ. ಎಲ್ಲಾ ಕೂಡಿ ಐದೂವರೆ ಲಕ್ಷದ ಹತ್ರ. ಇದ್ದಂಗ ಕೊಟ್ರ ಆರು ಲಕ್ಷಕ್ಕ ಕೇಳಾಕತ್ತಾರ. ಹೊಸಾದು ಆನ್‌ರೋಡ್ 35.5 ಲಕ್ಷ ಅಂತ ಕೊಟೇಶನ್. ಮನ್ಯಾಗ ಅಪ್ಪ ರಿಪೇರಿ ಅಂತಾನ, ತಮ್ಮ ಹೊಸಾದು ಅಂತಾನ, ನಾ ನಡಕ. ಹೇಳ್ರಿ.

ಶಿಗ್ಗಾಂವಿ_ಕಾಂಟ್ರಾಕ್ಟರ್:
ತಮ್ಮನ ಮಾತ ಕೇಳ್ರಿ. 15 ವರ್ಷದ ಗಾಡಿಗೆ ಐದೂವರೆ ಲಕ್ಷ ಹಾಕೂದಂದ್ರ ರೊಕ್ಕಾ ತಗ್ಗಿನ್ಯಾಗ ಒಗದಂಗ. ಆ ಐದೂವರೆನ ಡೌನ್ ಪೇಮೆಂಟ್ ಕಟ್ರಿ, 30 ಲಕ್ಷ ಲೋನ್ ಆಕ್ಕೈತಿ. ನಮ್ಮಲ್ಲೆ ಎರಡು ಹೊಸಾ ಗಾಡಿ ಅದಾವ, ಮೊಬೈಲ್‌ದಾಗ ಕುಂತಲ್ಲೆ ಎಷ್ಟ್ ತಾಸು ಓಡಿತು, ಎಷ್ಟ್ ಡೀಸೆಲ್ ತಿಂತು, ಎಷ್ಟೊತ್ತು ಸುಮ್ನ ಚಾಲೂ ನಿಂತಿತ್ತು ಎಲ್ಲಾ ಕಾಣ್ತೈತಿ. ಆಪರೇಟರ್ ಡೀಸೆಲ್ ತಗ್ಯೂದು ಬಂದ್ ಆತು ಅದರಿಂದನ. ಮತ್ತ ಸರ್ಕಾರಿ ಕೆಲಸದಾಗ ಹಳೇ ಗಾಡಿ ನೋಡಿ ಇಂಜಿನಿಯರ್ ಮುಖಾ ಸೊಟ್ಟ ಮಾಡ್ತಾರ.

ಹಂಗ ನೋಡಿದ್ರ 15 ವರ್ಷ ಆದಮ್ಯಾಲ ಗಾಡಿ ಗುಜರಿಗೆ ಹಾಕ್ಬೇಕು ಅಂತ ಕಾಯ್ದೆನ ಬಂದೈತಲ್ಲ?

ಲೆಕ್ಕದ_ಮನಷ್ಯಾ:
ಶಿಗ್ಗಾಂವಿ ಸಾಹುಕಾರ್ರ, ಅದು ಹಂಗಲ್ರಿ. 2023 ಏಪ್ರಿಲ್ 1ರಿಂದ 15 ವರ್ಷ ದಾಟಿದ್ದು ಗುಜರಿ ಅಂತ ಬಂದಿದ್ದು ಸರ್ಕಾರಿ ಇಲಾಖೆ ಗಾಡಿಗೊಳಿಗೆ. ಖಾಸಗಿ ಜೆಸಿಬಿ ಆರ್‌ಟಿಓ ಲೆಕ್ಕದಾಗ ನಾನ್ ಟ್ರಾನ್ಸ್‌ಪೋರ್ಟ್‌ದಾಗ ಬರ್ತೈತಿ, ಮೊದ್ಲ ಆರ್‌ಸಿ 15 ವರ್ಷಕ್ಕ, ಆಮ್ಯಾಲ ಫಾರ್ಮ್ 25 ಹಾಕಿ ಗಾಡಿ ತೋರಿಸಿದ್ರ ಐದೈದು ವರ್ಷ ಮುಂದ ಹೋಕ್ಕೈತಿ. ಎರಿಹೊಲದವ್ರದ್ದು 2010 ಅಂದ್ರ 2025ಕ್ಕ ರಿನ್ಯೂ ಆಗಿರಬೇಕು. ಆಗಿಲ್ಲಂದ್ರ ರಿಪೇರಿ ಚರ್ಚಾ ಬಿಡ್ರಿ, ಮೊದ್ಲ ಆರ್‌ಟಿಓಕ್ಕ ಹೋಗ್ರಿ. ಆರ್‌ಸಿ ಸತ್ತ ಗಾಡಿ ರೋಡಿಗೆ ಇಳದು ಏನರ ಆದ್ರ ಇನ್ಶೂರೆನ್ಸ್‌ನವ್ರು ಕೈ ಎತ್ತತಾರ.

ಎರಿಹೊಲ_ಹಾವೇರಿ:
ರಿನ್ಯೂ ಆಗೇತ್ರಿ, 2030ರ ತನಕ ಐತಿ. ಇನ್ಶೂರೆನ್ಸೂ ಚಾಲೂ.

ಡೀಸೆಲ್_ಕಾಕಾ_ಹುಬ್ಬಳ್ಳಿ:
ನಾ ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟ್‌ದಾಗ ಅರ್ಧಾ ಆಯುಷ್ಯ ಇಂಥಾ ಗಾಡಿ ಬಿಚ್ಚಿ ಕಟ್ಟಿದಂವಾ. ತಮ್ಮಾ, ನಿನ್ನ ಲಿಸ್ಟ್ ನೋಡಿದ್ರ ನಿನ್ನ ಮಿಸ್ತ್ರಿ ಒಂದೂ ಗೇಜ್ ಹಾಕಿ ನೋಡಿಲ್ಲ ಅಂತ ಕಾಣ್ತೈತಿ, ಕಣ್ಣಂದಾಜಿನ ಮ್ಯಾಲ ಐದೂವರೆ ಲಕ್ಷ ಬರದಾನ. ಬದಲಿ ಮಾಡೂದೋ ರಿಪೇರಿನೋ ಆಮ್ಯಾಲ. ಮೊದ್ಲ ಏನ್ ಕೆಟ್ಟೈತಿ ಅಂತ ತಿಳ್ಕೊ.

ಹೈಡ್ರಾಲಿಕ್‌ದ್ದು ಹೇಳ್ತೀನಿ. ಬಿಸಿ ಆದಮ್ಯಾಲ ವೀಕ್ ಆಗೂದಂದ್ರ ಆಯಿಲ್ ತೆಳ್ಳಗಾಗಿ ಒಳಗಿಂದೊಳಗ ಎಲ್ಲೋ ಸೋರಾಕತ್ತೈತಿ. ಎಲ್ಲೆ ಅನ್ನೂದು ಪ್ರಶ್ನೆ. ಪ್ರೆಷರ್ ಗೇಜ್ ಹಾಕಿಸಿ, ಗಾಡಿ ಪೂರ್ತಿ ಬಿಸಿ ಆದಮ್ಯಾಲ ಒಂದೊಂದ ಲಿವರ್ ಕಡೀತನಕ ಎಳದು ಹಿಡದು ನೋಡು. ಮುಂದಿನ ಬಕೆಟ್, ಹಿಂದಿನ ಬೂಮ್ (ಬುಡದ ದೊಡ್ಡ ಕೈ), ಡಿಪ್ಪರ್ (ತುದಿ ಕೈ) ಎಲ್ಲಾದ್ರಾಗೂ ಪ್ರೆಷರ್ ಒಂದ ತರಾ ಕಡಿಮಿ ಬಂದ್ರ ಪಂಪ್ ಇಲ್ಲಾ ಮೇನ್ ರಿಲೀಫ್ ವಾಲ್ವ್ (ಪ್ರೆಷರ್ ಮಿತಿ ದಾಟದಂಗ ತಡಿಯೂ ವಾಲ್ವ್). ಒಂದ ಲಿವರ್‌ದಾಗ ಅಷ್ಟ ಕಡಿಮಿ ಬಂದ್ರ ಆ ಸಿಲಿಂಡರ್ ಸೀಲು ಇಲ್ಲಾ ಅದರ ಸೆಕ್ಷನ್ ವಾಲ್ವ್, ಪಂಪಿಗೆ ಏನೂ ಆಗಿಲ್ಲ. ರಿಲೀಫ್ ವಾಲ್ವ್ ಸ್ಪ್ರಿಂಗ್, ಸೀಟು ಹಾಳಾಗಿದ್ರ ಸಾವಿರದ ಲೆಕ್ಕದಾಗ ಮುಗೀತೈತಿ, ಪಂಪ್ ಆದ್ರ ಲಕ್ಷ. ಎರಡಕ್ಕೂ ಲಕ್ಷಣ ಒಂದ. ಅದಕ್ಕ ಮೊದ್ಲ ಟ್ಯಾಂಕಿನ ಸಕ್ಷನ್ ಸ್ಟ್ರೇನರ್, ರಿಟರ್ನ್ ಫಿಲ್ಟರ್ ತಗದು ನೋಡು, ಕೂಲರ್ ಮುಂದ ಕಸಾ ತುಂಬಿ ಗಾಳಿ ಹೋಗದಂಗ ಆಗಿದ್ರೂ ಹಿಂಗ ಆಕ್ಕೈತಿ, ಮೆಕ್ಕಿಜೋಳದ ರಾಶಿ ಆದ ಹೊಲದಾಗ ಓಡಿದ ಗಾಡಿ ರೇಡಿಯೇಟರ್ ನೋಡೀಯಲ್ಲ, ರವದಿ ಮೆತಗೊಂಡು ಗ್ವಾಡಿ ಆಗಿರ್ತೈತಿ.

ಇಂಜಿನ್: ಆಯಿಲ್ ಕ್ಯಾಪ್ ಬಿಚ್ಚಿ ಬೋರಲಾ ಅಲ್ಲೇ ಇಡು, ಕುಣದು ಕೆಳಗ ಬಿತ್ತಂದ್ರ ಬ್ಯಾಕ್ ಕಂಪ್ರೆಶನ್ ಖರೇ. ಆದ್ರ ಅಷ್ಟಕ್ಕ ಫುಲ್ ಇಂಜಿನ್ ಅನಬ್ಯಾಡ. ನಾಕೂ ಸಿಲಿಂಡರ್ ಕಂಪ್ರೆಶನ್ ಗೇಜ್ ಹಾಕಿ ನೋಡು, ಒಂದ ಸಿಲಿಂಡರ್ ಬಿದ್ದಿರಬಹುದು. ಮತ್ತ ಮುಖ್ಯ ಮಾತು, ಏರ್ ಫಿಲ್ಟರಿಂದ ಇಂಜಿನ್‌ಕ್ಕ ಹೋಗೂ ರಬ್ಬರ್ ಪೈಪ್ ಕೈ ಹಾಕಿ ತಿರುವಿ ನೋಡು. ಅದು ಕೆಳಗಿನ ಬದಿ ಸೀಳಿದ್ರ ಕಾಣೂದಿಲ್ಲ, ಫಿಲ್ಟರ್ ಎಷ್ಟ ಹೊಸಾದು ಹಾಕಿದ್ರೂ ಮಣ್ಣಿನ ಧೂಳ ನೇರ ಲೈನರಿಗೆ (ಪಿಸ್ಟನ್ ಓಡೂ ಕೊಳವಿಗೆ). ಅದನ್ನ ಬದಲಿ ಮಾಡದ ಹೊಸಾ ಲೈನರ್ ಪಿಸ್ಟನ್ ಹಾಕಿದವ್ರು ಒಂದ ಸೀಜನ್ ಮುಗಿಯೂದ್ರಾಗ ಮತ್ತ ನನ್ನ ಶೆಡ್ಡಿಗೆ ಬಂದಾರ.

ಕಪ್ಪತಗುಡ್ಡ_ಗಾಳಿ:
ಕಾಕಾ ಹೇಳಿದ್ದು ಏರ್ ಪೈಪಿಂದು ನೂರಕ್ಕ ನೂರು ಖರೇ. ನಾವು ಮುಂಡರಗಿ ಕಡೆಯವ್ರು, ಗಾಳಿ ಪಂಖಾ (ಕರೆಂಟ್ ಮಾಡೂ ವಿಂಡ್‌ಮಿಲ್) ಕಂಪನಿ ರೋಡ್ ಕೆಲಸಕ್ಕ ಗಾಡಿ ಬಿಡ್ತೀವಿ, ಗುಡ್ಡದ ಮ್ಯಾಲ ಕೆಂಪ್ ಧೂಳ, ಹೊರಗಿನ ಫಿಲ್ಟರ್ ದಿನಾ ಜಾಡಿಸೂದ ಆಕ್ಕೈತಿ. ಆದ್ರ ಒಳಗಿನ ಸಣ್ಣ ಫಿಲ್ಟರ್ ಊದಿ ಮತ್ತ ಹಾಕಬಾರದು, ಅದು ಹೊಸಾದ ಹಾಕಬೇಕು, ಬಾಳ ಮಂದಿ ಆಪರೇಟರ್ ಅದನ್ನೂ ಕಂಪ್ರೆಸರ್ ಗಾಳಿ ಹೊಡದು ತೂತ ಮಾಡ್ತಾರ.

ಎರಿಹೊಲ ಅಣ್ಣಾ ಒಂದ ಕೇಳ್ತೀನಿ, ಮೊದ್ಲಿನ ಓನರ್ ಬ್ರೇಕರ್ (ಕಲ್ಲ ಒಡಿಯೂ ಸುತ್ತಿಗಿ) ಹಾಕಿ ಬಂಡಿಗಲ್ಲ ಒಡದಾನೇನು? ಕಿಂಗ್‌ಪೋಸ್ಟ್ ಅಲ್ಲಾಡಾಕತ್ತಿದ್ರ ಅದ ಅನುಮಾನ. ಎರಿ ಮಣ್ಣಾಗ ಅಷ್ಟ ದುಡದ ಗಾಡಿಗೆ ಪಿನ್ ಬುಶ್ ಇಷ್ಟ ಲಗೂ ಹೋಗೂದಿಲ್ಲ. ಬ್ರೇಕರ್ ಬಡದ ಗಾಡಿ ಆದ್ರ ಇಂಜಿನ್ ಬಿಟ್ಟು ಚಾಸಿ ನೋಡ್ರಿ ಮೊದ್ಲ.

ಎರಿಹೊಲ_ಹಾವೇರಿ:
ಹೌದ್ರಿ, ಕ್ವಾರಿ ಕಡೆ ಎರಡ ವರ್ಷ ಓಡಿತ್ತು ಅಂತ ಕೇಳೀನಿ. ಚಾಸಿ ಕಣ್ಣಿಗೆ ನೆಟ್ಟಗ ಐತಿ, ಗ್ರೀಸ್ ಮಣ್ಣು ಮೆತಗೊಂಡೈತಿ, ಒಳಗ ಹೆಂಗೈತೋ.

ಡೀಸೆಲ್_ಕಾಕಾ_ಹುಬ್ಬಳ್ಳಿ:
ಕಪ್ಪತಗುಡ್ಡದವ್ರು ಸರಿಯಾದ ಕಡೆ ಬೆರಳ ಇಟ್ಟಾರ. ಇಂಜಿನ್, ಪಂಪ್, ಗೇರ್‌ಬಾಕ್ಸ್ ಎಲ್ಲಾ ಬಿಚ್ಚಿ ಹಾಕೂ ಸಾಮಾನು, ರೊಕ್ಕಾ ಇದ್ರ ನಾಳಿ ಹೊಸಾದ. ಚಾಸಿ ಹೋತಂದ್ರ ಗಾಡಿನ ಹೋತು.

ವಾಟರ್ ಸರ್ವಿಸ್ ಮಾಡಿಸಿ ಪೂರ್ತಿ ಒಣಗಸು. ಹಿಂದಿನ ಸ್ಟೆಬಿಲೈಸರ್ ಕಾಲು ಕೂಡೂ ಜಾಗ, ಕಿಂಗ್‌ಪೋಸ್ಟ್ ಮ್ಯಾಲ ಕೆಳಗ, ಬೂಮ್ ಬುಡ, ಮುಂದಿನ ಲೋಡರ್ ಟವರ್ ಚಾಸಿಗೆ ಕೂಡಿದ ವೆಲ್ಡಿಂಗ್ ಈ ನಾಕ ಜಾಗಕ್ಕ ಸೀಮಿಎಣ್ಣಿ ಹಚ್ಚಿ ಸ್ವಲ್ಪೊತ್ತು ಬಿಟ್ಟು ಒರಸಿ ಒಣಗಿಸಿ ಸುಣ್ಣದ ಪುಡಿ ಬಳಿ. ಸೀಳ ಇದ್ರ ಒಳಗ ಹೋದ ಎಣ್ಣಿ ಹೊರಗ ಬಂದು ಸುಣ್ಣದ ಮ್ಯಾಲ ಗೆರಿ ಹೊಡಿತೈತಿ. ಹಳೇ ಪದ್ಧತಿ, ಇವತ್ತಿಗೂ ಸುಳ್ಳ ಆಗಿಲ್ಲ. ಹಿಂದ ಪಟ್ಟಿ ಹಚ್ಚಿ ವೆಲ್ಡ್ ಮಾಡಿದ್ದು ಕಂಡ್ರ ಅದರ ಅಂಚ ನೋಡು, ಪಟ್ಟಿ ಬಾಜೂನ ಹೊಸಾ ಸೀಳ ಬಂದಿರ್ತೈತಿ.

ಸಣ್ಣ ಸೀಳ ಇದ್ರ ಹೆದರಬ್ಯಾಡ. ಸೀಳಿನ ತುದಿಗೆ ಡ್ರಿಲ್ ಹೊಡದು ನಿಲ್ಲಿಸಿ, ಗ್ರೈಂಡರಿಂದ ವಿ ಆಕಾರಕ್ಕ ತಗದು, 7018 ರಾಡ್ ಒಣಗಿಸಿದ್ದು ಹಾಕಿ ತುಂಬಬೇಕು. ಬ್ಯಾಟರಿ ವಾಯರ್ ಬಿಚ್ಚಿರಬೇಕು, ಅರ್ಥಿಂಗ್ ಕ್ಲಾಂಪ್ ವೆಲ್ಡಿಂಗ್ ಬಾಜೂಕ ಇರಬೇಕು, ಅದನ್ನ ದೂರ ಬಕೆಟ್ಟಿಗೆ ಕಚ್ಚಿಸಿದ್ರ ಕರೆಂಟ್ ಪಿನ್ ಬುಶ್, ಬೇರಿಂಗ್ ಹಾದು ಹೋಗಿ ಅಲ್ಲೆ ಚುಕ್ಕಿ ಬೀಳ್ತಾವ. ಊರಾಗಿನ ಗೇಟ್ ಕಿಟಕಿ ವೆಲ್ಡಿಂಗ್ ಮಾಡೂ ಹುಡುಗರ ಕಡೆ ಈ ಕೆಲಸ ಕೊಡಬ್ಯಾಡ ತಮ್ಮಾ.

ಲೆಕ್ಕದ_ಮನಷ್ಯಾ:
ಕಾಕಾ ಕಬ್ಬಿಣದ ಲೆಕ್ಕಾ ಹೇಳಿದ್ರು, ನಾ ರೊಕ್ಕದ್ದು ಹೇಳ್ತೀನಿ, ಶಿಗ್ಗಾಂವಿ ಸಾಹುಕಾರ್ರು ಸಿಟ್ಟಾಗಬಾರದು.

30 ಲಕ್ಷ ಲೋನ್, ಬಡ್ಡಿ 10 ಪರ್ಸೆಂಟ್ ಹಿಡೀರಿ, 48 ತಿಂಗಳು. ಕಂತು ತಿಂಗಳಿಗೆ 76 ಸಾವಿರ. ವರ್ಷಕ್ಕ 9 ಲಕ್ಷ 13 ಸಾವಿರ ಆತು. ಈಗ ತಾಸಿನ ಬಾಡಿಗಿ 1200 ಅನ್ನೂಣು. ಡೀಸೆಲ್ ತಾಸಿಗೆ ಐದೈದೂವರೆ ಲೀಟರ್, ಅದ 500 ಹತ್ರ. ಆಪರೇಟರ್, ಹೆಲ್ಪರ್ ಪಗಾರ ಭತ್ತೆ ತಾಸಿನ ಮ್ಯಾಲ ಹರಡಿದ್ರ 150. ಗ್ರೀಸ್, ಫಿಲ್ಟರ್, ಟೈರ್ ಸವತ, ಇನ್ಶೂರೆನ್ಸ್ 100. ಉಳದಿದ್ದು 450. ಕಂತ ಕಟ್ಟಾಕ ಅಷ್ಟ ವರ್ಷಕ್ಕ 2000 ತಾಸಿನ ಮ್ಯಾಲ ಓಡಬೇಕು, ಮನಿಗೆ ಒಂದ ರೂಪಾಯಿ ತರಲಾರದ. ಎರಿಹೊಲದವ್ರ ಕಡೆ ಇರೂ ಕೆಲಸ 900 ತಾಸು. 900 ಗುಣಿಲೆ 450 ಅಂದ್ರ 4 ಲಕ್ಷ 5 ಸಾವಿರ. ವರ್ಷಕ್ಕ ಐದ ಲಕ್ಷ ಕೈಯಿಂದ ಹಾಕ್ಬೇಕು, ಹಂಗ ನಾಕ ವರ್ಷ. ಎರಡ ಎಕರೆ ಹೊಲ ಹೋಕ್ಕೈತಿ.

ಅದ 900 ತಾಸು ಹಳೇ ಗಾಡ್ಯಾಗ: ಡೀಸೆಲ್ ಒಂದ ಲೀಟರ್ ಜಾಸ್ತಿ ತಿನ್ಲಿ, ರಿಪೇರಿಗೆ ಇನ್ನೊಂದ ನೂರು ಹೋಗ್ಲಿ, ತಾಸಿಗೆ 250 ಉಳದ್ರೂ ವರ್ಷಕ್ಕ 2 ಲಕ್ಷ 25 ಸಾವಿರ. ಐದೂವರೆ ಲಕ್ಷ ಪೂರ್ತಿ ಹಾಕಿದ್ರ ಎರಡೂವರೆ ವರ್ಷದಾಗ ವಾಪಸ್. ಸಣ್ಣ ಲಾಭ ಐತಿ, ಆದ್ರ ಹೊಲ ಉಳೀತೈತಿ.

ಶಿಗ್ಗಾಂವಿ_ಕಾಂಟ್ರಾಕ್ಟರ್:
ಸಿಟ್ಟ ಏನಿಲ್ರಿ, ಆದ್ರ ನಿಮ್ಮ ಲೆಕ್ಕದಾಗ ಒಂದ ಬಿಟ್ಟೀರಿ. ಹೊಸಾ ಗಾಡಿ ಬಂತಂದ್ರ ಕೆಲಸಾನೂ ಜಾಸ್ತಿ ಸಿಗ್ತಾವ. ಹುಬ್ಬಳ್ಳಿ-ಧಾರವಾಡ ಬೈಪಾಸ್ ಅಗಲ ಮಾಡೂ ಅಂಥಾ ಕೆಲಸಕ್ಕ ಸಬ್ ಕಾಂಟ್ರಾಕ್ಟ್‌ದಾಗ ಗಾಡಿ ಹಚ್ಚಿದ್ರ ತಿಂಗಳಾ ಬಾಡಿಗಿ, ತಾಸ ಎಣಸೂದ ಇಲ್ಲ. ಹಳೇ ಗಾಡಿ ಅಲ್ಲೆ ಗೇಟ್ ಒಳಗ ಬಿಡೂದಿಲ್ಲ. ಮತ್ತ 35.5 ಲಕ್ಷದಾಗ 18 ಪರ್ಸೆಂಟ್ ಜಿಎಸ್‌ಟಿ ಐತಿ, ಐದೂ ಲಕ್ಷ 40 ಸಾವಿರ, ಅದು ನಮಗ ಇನ್‌ಪುಟ್ ಕ್ರೆಡಿಟ್‌ದಾಗ (ನಾವು ಕಟ್ಟೂ ಜಿಎಸ್‌ಟಿಯಾಗ ಕಡತ ಆಗಿ) ವಾಪಸ್ ಬರ್ತೈತಿ. ಅದನ್ನ ತಗದ್ರ ಗಾಡಿ 30ಕ್ಕ ಬಿದ್ದಂಗ.

ಲೆಕ್ಕದ_ಮನಷ್ಯಾ:
ನಿಮಗ ಬರ್ತೈತಿ, ಖರೇ. ನಿಮ್ಮದು ಜಿಎಸ್‌ಟಿ ನಂಬರ್ ಐತಿ, ಬಿಲ್ ಮ್ಯಾಲ 18 ಹಾಕಿ ಕೊಡ್ತೀರಿ. ಎರಿಹೊಲದವ್ರದ್ದು 900 ತಾಸು 1200ರಂಗ ಹತ್ತು ಲಕ್ಷ 80 ಸಾವಿರ ವಹಿವಾಟು, ಸೇವೆಗೆ ನೋಂದಣಿ ಮಿತಿ 20 ಲಕ್ಷ. ನಂಬರ್ ಇಲ್ಲದವ್ರಿಗೆ ಕ್ರೆಡಿಟ್ ಎಲ್ಲಿಂದ? ಬೇಕಂತ ನಂಬರ್ ತಗೊಂಡ್ರ ರೈತರಿಗೆ 1200 ಮ್ಯಾಲ 216 ಕೂಡಿಸಿ ಕೇಳಬೇಕು, ಯಾರ್ ಕೊಡ್ತಾರ? ಸವಕಳಿನೂ ಹಂಗ, ಅಂದಾಜು ಆದಾಯದ ಮ್ಯಾಲ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕೂ ಸಣ್ಣವ್ರಿಗೆ ಹೊಸಾ ಗಾಡಿ ಸವಕಳಿ ಅಂತ ಬ್ಯಾರೆ ತಗ್ಯಾಕ ಬರೂದಿಲ್ಲ. ಒಂದ ಗಾಡಿ ಅದ ರೇಟು, ನಿಮಗ ಒಂದ ಬೆಲೆ, ಅವ್ರಿಗೆ ಒಂದ ಬೆಲೆ.

ಧಾರವಾಡ_ಮಳಿ:
ನಾನು ಆಫ್-ರೋಡ್ ಇಂಜಿನ್ ಫೀಲ್ಡ್‌ನಲ್ಲಿ ಕೆಲಸ ಮಾಡ್ತೀನಿ, ಮೈಸೂರು ಕಡೆಯವನು, ಧಾರವಾಡಕ್ಕೆ ಬಂದು ಬಹಳ ವರ್ಷ ಆಯ್ತು, ಭಾಷೆ ಮಿಕ್ಸ್ ಆದ್ರೆ ಕ್ಷಮಿಸಿ. ಯಾರೂ ಎತ್ತದ ಒಂದು ವಿಷಯ. 2021 ಏಪ್ರಿಲ್ 1ರಿಂದ ಗಾಲಿ ಇರೋ ಕನ್‌ಸ್ಟ್ರಕ್ಷನ್ ಗಾಡಿಗಳಿಗೆ ಬಿಎಸ್-4 ಸಿಇವಿ ಅನ್ನೋ ಹೊಗೆ ನಿಯಮ ಬಂತು, ಆಮೇಲೆ 2025 ಜನವರಿ 1ರಿಂದ ಸ್ಟೇಜ್-5. ಅಂದ್ರೆ ನೀವು ಈಗ ತಗೊಳ್ಳೋ ಹೊಸ ಗಾಡಿ ಇಂಜಿನ್ ನಿಮ್ಮ 2010ರ ಇಂಜಿನ್ ಥರ ಅಲ್ಲ. ಕಾಮನ್ ರೇಲ್ (ಹೆಚ್ಚು ಪ್ರೆಷರ್‌ನಲ್ಲಿ ಡೀಸೆಲ್ ಕೊಡೋ ಪೈಪು), ಸೆನ್ಸರ್, ಇಸಿಯು (ಇಂಜಿನ್ ನಡೆಸೋ ಕಂಪ್ಯೂಟರ್), ಹೊಗೆ ಸೋಸೋ ಫಿಲ್ಟರ್. ಹೊಗೆ ಕಮ್ಮಿ, ಡೀಸೆಲ್ ಕಮ್ಮಿ, ಆಪರೇಟರ್ ಕಿವಿಗೂ ಒಳ್ಳೇದು. ಆದ್ರೆ ಕ್ಯಾನ್‌ನಲ್ಲಿ ತಂದು ಹೊಲದಲ್ಲಿ ಬಕೆಟ್‌ನಿಂದ ಸುರಿಯೋ ಡೀಸೆಲ್ ಇದೆಯಲ್ಲ, ಅದರಲ್ಲಿ ಒಂದಿಷ್ಟು ನೀರು, ಮಣ್ಣು ಹೋದ್ರೂ ಇಂಜೆಕ್ಟರ್ ಹೋಗುತ್ತೆ, ಮತ್ತೆ ಅದು ನಾಝಲ್ ಬದಲಾಯಿಸಿ ಮುಗಿಸೋ ಖರ್ಚಲ್ಲ. ಲ್ಯಾಪ್‌ಟಾಪ್ ಹಾಕದೆ ಫಾಲ್ಟ್ ಗೊತ್ತಾಗಲ್ಲ. ಹೊಸದು ತಗೊಂಡ್ರೆ ಡೀಸೆಲ್ ಸೋಸಿ ಹಾಕೋ ಪಂಪು, ಮುಚ್ಚಳ ಇರೋ ಡ್ರಮ್ಮು, ದಿನಾ ವಾಟರ್ ಸೆಪರೇಟರ್ ಡ್ರೈನ್ ಮಾಡೋ ಆಪರೇಟರ್ ಮೂರೂ ಬೇಕು.

ಡೀಸೆಲ್_ಕಾಕಾ_ಹುಬ್ಬಳ್ಳಿ:
ಮಳಿ ಸಾಹೇಬ್ರ ಮಾತಿಗೆ ಒಪ್ತೀನಿ. ನಂಗೂ ಲ್ಯಾಪ್‌ಟಾಪ್ ಗಾಡಿ ಬಂದ್ರ ನನ್ನ ಮಗನ್ನ ಕರೀತೀನಿ, ನಾ ಆಗ ಚಾ ಕುಡ್ಯಾಂವ.

ಬೇಡ್ತಿ_ಹಳ್ಳ:
ಎರಡರ ನಡಕ ಮೂರನೇ ದಾರಿ ಯಾರೂ ಹೇಳ್ಲಿಲ್ಲಲ್ಲ. 2018-20ರ ಸೆಕೆಂಡ್ ಹ್ಯಾಂಡ್ ನೋಡ್ರಿ. ಇಂಜಿನ್ ಹಳೇ ನಮೂನಿದು ಇರ್ತೈತಿ, ಎಲ್ಲಾ ಮಿಸ್ತ್ರಿಗೊಳಿಗೂ ಬರ್ತೈತಿ. ನಿಮ್ಮದು ಕೊಟ್ಟ ಆರು, ಮ್ಯಾಲ ಹತ್ತ ಹನ್ನೆರಡು ಹಾಕಿದ್ರ ಸಿಗಬಹುದು.

ಕಪ್ಪತಗುಡ್ಡ_ಗಾಳಿ:
ಬೇಡ್ತಿ ಅಣ್ಣಾ ಐಡಿಯಾ ಚಲೋ, ಆದ್ರ ನೋಡಿ ತಗೊಳ್ಳೂದು ಬಾಳ ಮುಖ್ಯ. ಈಗ ಆ ಮಾಡೆಲ್‌ಗೊಳಿಗೆ ಕೇಳೂ ಮಂದಿ ಬಾಳ, ಅದಕ್ಕ ಮೀಟರ್ ತಿರುವಿ ಪೇಂಟ್ ಹೊಡದು ನಿಲ್ಲಿಸಿರ್ತಾರ. ಮೀಟರ್ ನಂಬಬ್ಯಾಡ್ರಿ, ಬ್ರೇಕ್ ಪೆಡಲ್ ರಬ್ಬರ್ ನೋಡ್ರಿ, ಲಿವರ್ ಗುಂಡು ಎಷ್ಟ ನುಣ್ಣಗಾಗೇತಿ ನೋಡ್ರಿ, ಪಿನ್ನಿನ ಮ್ಯಾಲ ಕೈ ಇಟ್ಟು ಬಕೆಟ್ ಅಲ್ಲಾಡಸಾಕ ಹೇಳ್ರಿ, ಬೆರಳಿಗೆ ಗೊತ್ತಾಕ್ಕೈತಿ, ಬೆರಳ ಸಂದಿನ್ಯಾಗ ಹೋಗಲಾರದಂಗ ನೋಡಕೋರಿ ಮತ್ತ. 3000 ತಾಸು ಅಂತ ತೋರಸೂ ಗಾಡಿಗೆ ಸೀಟ್ ಹರದಿದ್ರ ಅದು 3000 ಅಲ್ಲ. ಹಿಂದಿನ 16.9-28 ಟೈರ್ ಎರಡೂ ಒಂದ ಕಂಪನಿ ಒಂದ ವಯಸ್ಸಿನವ ಅದಾವೇನು ನೋಡ್ರಿ, ಟೈರ್ ಬದಲಿ ಆಗಿದ್ರ ಯಾಕ ಆತು ಅಂತ ಕೇಳ್ರಿ. ಆರ್‌ಸಿ ಮ್ಯಾಲ ಬ್ಯಾಂಕ್ ಹೆಸರಿದ್ರ ಫಾರ್ಮ್ 35 (ಸಾಲ ತೀರಿತು ಅನ್ನೂ ಕಾಗದ), ಎನ್‌ಓಸಿ ಕೈಯಾಗ ಬರೂ ತನಕ ಅಡ್ವಾನ್ಸ್ ಕೊಡಬ್ಯಾಡ್ರಿ.

ನಮ್ಮ ಸಂಬಂಧಿಕರೊಬ್ರು ಹಿಂಗ ಪೇಂಟ್ ನೋಡಿ ತಂದ್ರು, ಮೊದ್ಲನೇ ತಿಂಗಳ ಗೇರ್‌ಬಾಕ್ಸ್ ಕುಂತಿತು. ಈಗ ಎರಿಹೊಲ ಅಣ್ಣಾಗ ತನ್ನ ಗಾಡಿ ರೋಗ ಏನಂತ ಗೊತ್ತೈತಿ. ಮಂದಿ ಗಾಡಿ ರೋಗ ಗೊತ್ತಿರೂದಿಲ್ಲ.

ಬೇಡ್ತಿ_ಹಳ್ಳ:
ಅದೂ ಖರೇನ ಬಿಡ್ರಿ.

ಎರಿಹೊಲ_ಹಾವೇರಿ:
ಎಲ್ಲಾರಿಗೂ ಬಾಳ ಉಪಕಾರ ಆತು. ಗೇರ್‌ಬಾಕ್ಸ್ ಬಗ್ಗೆ ಕಾಕಾ ಏನೂ ಹೇಳ್ಲಿಲ್ಲ. ಅದನ್ನೂ ಬಿಚ್ಚಸಬೇಕೇನ್ರಿ? ಮಿಸ್ತ್ರಿ ಹ್ಯಾಂಗೂ ಇಂಜಿನ್ ಇಳಸಿರ್ತೀವಿ, ಜೋಡಿಲೆ ಅದನ್ನೂ ಮಾಡಿ ಬಿಡೂಣು ಅಂತಾನ.

ಡೀಸೆಲ್_ಕಾಕಾ_ಹುಬ್ಬಳ್ಳಿ:
"ಹ್ಯಾಂಗೂ ಇಳಸಿರ್ತೀವಿ" ಅನ್ನೂ ಮಾತಿನ ಮ್ಯಾಲ ಎಷ್ಟ ಓನರ್‌ಗೊಳ ಮುಳುಗ್ಯಾರೋ. ಬಿಚ್ಚೂಕಿಂತ ಮೊದ್ಲ ಟ್ರಾನ್ಸ್‌ಮಿಷನ್ ಆಯಿಲ್ ಸ್ವಲ್ಪ ಬಿಳಿ ಕಾಗದದ ಮ್ಯಾಲ ಹಾಕಿ ನೋಡು, ವಾಸನಿ ತಗೋ. ಸುಟ್ಟ ವಾಸನಿ ಬಂದು ಕರ್ರಗಿದ್ರ ಕ್ಲಚ್ ಪ್ಲೇಟ್ ಜಾರಾಕತ್ತಾವ. ಆಮ್ಯಾಲ ಫಿಲ್ಟರ್ ತಗದು ಕೊಯ್ದು ಒಳಗಿನ ಕಾಗದ ಬಿಡಿಸು. ಹ್ಯಾಕ್ಸಾ ಬ್ಲೇಡಿಂದ ಕೊಯ್ಯಬ್ಯಾಡ, ಅದರ ಪುಡಿನ ಒಳಗ ಬಿದ್ದು ಸುಳ್ಳ ಹೇಳ್ತೈತಿ, ತಗಡ ಕತ್ತರಸೂ ಕತ್ರಿ ತಗೋ. ಮಿಂಚೂ ಚೂರ ಇದ್ರ ಆಯಸ್ಕಾಂತ ಹಿಡಿ. ಅಂಟಿಕೊಂಡ್ರ ಗೇರ್, ಬೇರಿಂಗ್ ಕಬ್ಬಿಣ, ಅದು ಕೆಟ್ಟ ಸುದ್ದಿ, ಬಿಚ್ಚಬೇಕು. ಅಂಟದ ಹಳದಿ ಪುಡಿ ಸ್ವಲ್ಪ ಇದ್ರ ಬುಶ್, ಪ್ಲೇಟ್ ಸವತ, ವಯಸ್ಸಿಗೆ ಬರೂದು, ಅದು ಓಡ್ತೈತಿ. ಆಯಿಲ್ ಲೆವೆಲ್ ಕಡಿಮಿ ಇದ್ರೂ ಫಾರ್ವರ್ಡ್ ತಡಾ ಹಿಡಿತೈತಿ, ಎಷ್ಟೋ ಮಂದಿ ಲೆವೆಲ್ ನೋಡ್ದ ಗೇರ್‌ಬಾಕ್ಸ್ ಇಳಸ್ಯಾರ.

ಮತ್ತ ಇಂಜಿನ್ ಬಿಚ್ಚಿದಾಗ ನೀ ಅಲ್ಲೇ ಇರು. ಕ್ರ್ಯಾಂಕ್ (ಪಿಸ್ಟನ್‌ಗೊಳು ತಿರುವೂ ಶಾಫ್ಟ್) ಮೈಕ್ರೋಮೀಟರ್ ಹಾಕಿ ಅಳದು ಚೀಟಿ ಬರೀಸು. ಸ್ಟ್ಯಾಂಡರ್ಡ್ ಇದ್ರ ಬೇರಿಂಗ್ ಅಷ್ಟ ಬದಲಿ, ಇಲ್ಲಂದ್ರ 10 ಥೌ (ಇಂಚಿನ ಸಾವಿರ ಪಾಲಿನ್ಯಾಗ ಹತ್ತ), 20 ಥೌ ಗ್ರೈಂಡಿಂಗ್. ಹಿಂದಿನವ್ರು ಆಗಲೇ ಕಡೀ ಸೈಜ್ ತನಕ ಗ್ರೈಂಡ್ ಮಾಡಿಸಿದ್ರ ಕ್ರ್ಯಾಂಕ್ ಹೊಸಾದ ಬೇಕು, ಆವಾಗ 2.2 ಲಕ್ಷದ ಲೆಕ್ಕಾ ಕೆಡ್ತೈತಿ. ಅಲ್ಲೇ ನಿಂತು ಮತ್ತೊಮ್ಮೆ ವಿಚಾರ ಮಾಡು.

ಶಿಗ್ಗಾಂವಿ_ಕಾಂಟ್ರಾಕ್ಟರ್:
ಇದಕ್ಕ ನೋಡ್ರಿ ನಾ ಹೊಸಾದು ಅನ್ನೂದು. ಗೇಜ್ ಹಾಕು, ಫಿಲ್ಟರ್ ಕೊಯ್ಯಿ, ಸುಣ್ಣ ಬಳಿ, ಮಿಸ್ತ್ರಿ ಬಾಜೂಕ ನಿಂದ್ರು. ಏಪ್ರಿಲ್ ತಿಂಗಳದಾಗ ಹೊಂಡ ಅರ್ಧಾ ತಗದು ಗಾಡಿ ನಿಂತ್ರ ರೈತ ಬ್ಯಾರೆ ಗಾಡಿ ಕರೀತಾನ, ಮುಂದಿನ ವರ್ಷ ನಿಮ್ಮ ಫೋನ್ ಎತ್ತೂದಿಲ್ಲ. ಅದರ ಲೆಕ್ಕಾ ಯಾರ ಹಾಕಿದ್ರಿ?

ಲೆಕ್ಕದ_ಮನಷ್ಯಾ:
ಅದು ನ್ಯಾಯದ ಪ್ರಶ್ನೆ, ನನ್ನ ಲೆಕ್ಕದಾಗ ಅದು ಇಲ್ಲ. ದಿನಾ 8 ತಾಸಿನಂಗ ಹತ್ತ ದಿನ ನಿಂತ್ರ ಉಳತಾಯದಾಗ 20 ಸಾವಿರ ಹೋತು, ಆದ್ರ ಗಿರಾಕಿ ಹೋದದ್ದಕ್ಕ ಬೆಲಿ ಕಟ್ಟಾಕ ಬರೂದಿಲ್ಲ. ಒಂದ ಉಪಾಯ ಅಂದ್ರ ಸೀಜನ್‌ದಾಗ ಗಾಡಿ ನಿಂತ್ರ ಬಾಡಿಗಿ ಗಾಡಿ ಕಳಸಾಕ ಬಾಜೂ ಊರಿನ ಇನ್ನೊಬ್ಬ ಓನರ್ ಜೋಡಿ ಮಾತಾಡಿ ಇಟ್ಕೊಳ್ಳೂದು, ಲಾಭ ಬ್ಯಾಡ, ಗಿರಾಕಿ ಉಳದ್ರ ಸಾಕು. ಇನ್ಶೂರೆನ್ಸ್ ಕೊಡ್ತೈತಿ ಅಂತ ಕುಂದ್ರಬ್ಯಾಡ್ರಿ, ಮಷಿನರಿ ಪಾಲಿಸಿ ಅಪಘಾತಕ್ಕ, ಒಳಗಿಂದ ತಾನ ಕೆಟ್ಟದ್ದಕ್ಕ ಅಲ್ಲ.

ಎರಿಹೊಲ_ಹಾವೇರಿ:
ಸುದ್ದಿ ಹೇಳಾಕ ಬಂದೆ. ಕಾಕಾ ಹೇಳಿದಂಗ ಎಲ್ಲಾ ನೋಡಿಸಿದ್ವಿ. ಸುಣ್ಣ ಬಳದದ್ದು ಊರ ಮಂದಿಗೆ ತಮಾಷಿ ಆತು, ಜೆಸಿಬಿಗೆ ಮದವಿ ಐತೇನು ಅಂತ ಕೇಳಿದ್ರು. ಚಾಸಿ, ಕಿಂಗ್‌ಪೋಸ್ಟ್ ವೆಲ್ಡಿಂಗ್ ಎಲ್ಲೂ ಗೆರಿ ಬರ್ಲಿಲ್ಲ, ಬೂಮ್ ಬುಡದಾಗ ಹಳೇ ಪಟ್ಟಿ ಬಾಜೂಕ ಸಣ್ಣ ಸೀಳ ಒಂದ ಸಿಕ್ತು. ಗೇಜ್ ಹಾಕಿದ್ರ ಬಿಸಿ ಆದಮ್ಯಾಲ ಎಲ್ಲಾ ಲಿವರ್‌ದಾಗೂ ಪ್ರೆಷರ್ ಕಡಿಮಿ. ರಿಲೀಫ್ ವಾಲ್ವ್ ಹೊಸಾದ ಹಾಕಿ ನೋಡಿದ್ವಿ, ಸ್ವಲ್ಪ ಏರಿತು, ಪೂರ್ತಿ ಬರ್ಲಿಲ್ಲ, ಪಂಪ್ ಸವದೈತಿ. ಏರ್ ಪೈಪ್ ಕೆಳಗ ಸೀಳಿತ್ತ ಕಾಕಾ, ಬೆರಳ ಹೋಗೂ ಅಷ್ಟ. ಕಂಪ್ರೆಶನ್ ಮೂರನೇ ಸಿಲಿಂಡರ್ ಬಾಳ ಕಡಿಮಿ, ಉಳದವೂ ಚಲೋ ಏನಿಲ್ಲ. ಗೇರ್‌ಬಾಕ್ಸ್ ಆಯಿಲ್ ಕರ್ರಗ ಇತ್ತು, ಫಿಲ್ಟರ್‌ದಾಗ ಹಳದಿ ಪುಡಿ, ಆಯಸ್ಕಾಂತಕ್ಕ ಏನೂ ಹತ್ತಲಿಲ್ಲ.

ಹಿಂಗಾಗಿ ಇಂಜಿನ್, ಪಂಪ್, ಪಿನ್ ಬುಶ್ ಮಾಡಸೂದು, ಗೇರ್‌ಬಾಕ್ಸ್ ಆಯಿಲ್ ಫಿಲ್ಟರ್ ಅಷ್ಟ ಬದಲಿ. ನಾಕ ಲಕ್ಷದಾಗ ಆಗಬಹುದು. ಈಗ ಸೀಜನ್, ಪಂಪ್ ಒಂದ ಹಾಕಿ ಮೇ ತನಕ ಓಡಸ್ತೀನಿ, ಆಯಿಲ್ ಕುಡದ್ರ ಕುಡೀಲಿ. ಮಳಿ ಬಿದ್ದ ಮ್ಯಾಲ ಜೂನ್‌ದಾಗ ಇಂಜಿನ್ ಇಳಸೂದು. ತಮ್ಮ ಇನ್ನೂ ಮುಖಾ ಉಬ್ಬಿಸಿಕೊಂಡಾನ.

ಶಿಗ್ಗಾಂವಿ_ಕಾಂಟ್ರಾಕ್ಟರ್:
ನಾ ಒಪ್ಪೂದಿಲ್ಲ, ಆದ್ರ ನಿಮ್ಮ ಗಾಡಿ. ತಮ್ಮಗ ಹೇಳ್ರಿ, ಕಾಯಂ ಸೈಟ್ ಕೆಲಸ ಹಿಡದ ದಿನ ನನಗ ಫೋನ್ ಹಚ್ಚು ಅಂತ, ಫೈನಾನ್ಸ್‌ದವ್ರ ಜೋಡಿ ನಾ ಮಾತಾಡಸ್ತೀನಿ. ಕೆಲಸ ಕೈಯಾಗ ಇಲ್ಲದ ಕಂತ ತಗೋಬ್ಯಾಡ ಅನ್ನೂದು ಲೆಕ್ಕದವ್ರ ಮಾತು ಅಷ್ಟ ಮಟ್ಟಿಗೆ ಸರಿ ಐತಿ.

ಡೀಸೆಲ್_ಕಾಕಾ_ಹುಬ್ಬಳ್ಳಿ:
ಮೇ ತನಕ ಓಡಸ್ತೀಯಂದ್ರ ಏರ್ ಪೈಪ್ ಇವತ್ತ ಬದಲಿ ಮಾಡು, ಜೂನ್ ತನಕ ಬಿಡಬ್ಯಾಡ, ಕ್ಲಾಂಪೂ ಹೊಸಾವು ಹಾಕು. ಮುಂಜಾನೆ ಮಧ್ಯಾಹ್ನ ಎರಡ ಸರ್ತಿ ಆಯಿಲ್ ಲೆವೆಲ್ ನೋಡಸು. ಬೂಮ್ ಸೀಳ ತಡೀಬ್ಯಾಡ, ಈ ವಾರ ವೆಲ್ಡ್ ಮಾಡಸು. ಹಳೇ ಪಂಪ್ ಒಳಗಿಂದ ಚೂರ ಬಂದಿದ್ರ ಹೈಡ್ರಾಲಿಕ್ ಟ್ಯಾಂಕ್ ತೊಳೀದ ಹೊಸಾ ಪಂಪ್ ಕೂಡಸಬ್ಯಾಡ, ಅದರ ಕಸಾನ ಇದನ್ನೂ ತಿಂತೈತಿ. ಇಂಜಿನ್ ಕಟ್ಟಿದ ಮ್ಯಾಲ ಸುಮ್ನ ಚಾಲೂ ಮಾಡಿ ತಾಸಗಟ್ಟಲೆ ನಿಂದರಸೂದು ತಪ್ಪ ಪದ್ಧತಿ, ರಿಂಗ್ ಕೂಡೂದಿಲ್ಲ, ಹಗರ ಕೆಲಸಕ್ಕ ಹಚ್ಚಬೇಕು, 50 ತಾಸಿಗೆ ಮೊದ್ಲನೇ ಆಯಿಲ್ ತಗದು ಬಿಡಬೇಕು.

ಎರಿಹೊಲ_ಹಾವೇರಿ:
ಆತ್ರಿ ಕಾಕಾ. ಜೂನ್‌ದಾಗ ಕ್ರ್ಯಾಂಕ್ ಅಳತಿ ಚೀಟಿ ಇಲ್ಲೆ ಹಾಕ್ತೀನಿ, ನೋಡಿ ಹೇಳ್ರಿ. ಆಪರೇಟರ್ ದಿನಾ ಗ್ರೀಸ್ ಹೊಡೀತೀನಿ ಅಂತಾನ, ಗ್ರೀಸ್ ಡಬ್ಬಿ ಮಾತ್ರ ಯಾವಾಗ್ಲೂ ತುಂಬೇ ಇರ್ತೈತಿ, ಮೊದ್ಲ ಅದನ್ನ ವಿಚಾರಸ್ಬೇಕು.